ರೂಟರ್ ಪಟ್ಟಿ ಬಿಟ್ಟು ಆಚೆ ಓಡುತ್ತೆ, ಗ್ರೂವ್ ನೆಟ್ಟಗೆ ಬರ್ತಿಲ್ಲ

ಸಕಲೇಶಪುರದವ:
ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಕುಯ್ಸಿ ಎರಡು ವರ್ಷ ಅಟ್ಟದಲ್ಲಿ ಒಣಗಿಸಿದ್ವಿ, ಈಗ ಅದ್ರಲ್ಲಿ ಪುಸ್ತಕದ ಶೆಲ್ಫ್ ಮಾಡೋಣ ಅಂತ ಚಿಕ್ಕ ಟ್ರಿಮ್ಮರ್ ರೂಟರ್ (ಮರ ಕೊರೆದು ಗಾಡಿ ತೆಗೆಯೋ ಕೈ ಮಿಷನ್) ತಗೊಂಡೆ. ಸೈಡ್ ಹಲಗೇಲಿ 18 ಎಂಎಂ ಅಗಲ 6 ಎಂಎಂ ಆಳದ ಗ್ರೂವ್ (ಶೆಲ್ಫ್ ಹಲಗೆ ಕೂರೋ ಗಾಡಿ) ಬೇಕು, ಬಿಟ್, ಅಂದ್ರೆ ಕೊರೆಯೋ ಅಲಗು, 12 ಎಂಎಂ ಅಗಲದ್ದು. ಪಟ್ಟಿ ಕ್ಲಾಂಪ್ ಮಾಡಿ ಅದಕ್ಕೆ ಒತ್ಕೊಂಡೇ ಹೊಡೀತೀನಿ, ಆದ್ರೂ ಮಧ್ಯ ಬರೋಷ್ಟ್ರಲ್ಲಿ ಮಿಷನ್ ಪಟ್ಟಿ ಬಿಟ್ಟು ಎಳ್ಕೊಂಡು ಹೋಗುತ್ತೆ. ಶುರುವಲ್ಲಿ 6 ಇದ್ದ ಆಳ ಕೊನೇಲಿ 8ರ ಹತ್ರ, ಅಂಚು ಬೇರೆ ಸುಟ್ಟು ಕಪ್ಪಾಗಿದೆ. ಕೈ ನಡುಗುತ್ತಾ ಅಂತ ಮನೇಲಿ ನಗ್ತಾರೆ.

ಬೇಲೂರು ಆಚಾರಿ:
ಪಟ್ಟಿ ಯಾವ ಕಡೆ ಕಟ್ಟಿದೀರಾ ಸಾರ್? ಎಷ್ಟು ಸಲಕ್ಕೆ ಹೊಡೀತೀರಾ?

ಸಕಲೇಶಪುರದವ:
ಬಲಗಡೆ ಅಣ್ಣ, ಮಿಷನ್ ಮುಂದಕ್ಕೆ ನೂಕ್ತೀನಿ. ಒಂದೇ ಸಲಕ್ಕೆ 6 ಎಂಎಂ.

ಬೇಲೂರು ಆಚಾರಿ:
ಅಲ್ಲೇ ಇರೋದು. ಕೈದಲ್ಲ ತಪ್ಪು. ಮೇಲಿಂದ ನೋಡಿದ್ರೆ ಬಿಟ್ ಗಡಿಯಾರದ ಮುಳ್ಳಿನ ತರ ತಿರುಗುತ್ತೆ, ನೀವು ಮುಂದಕ್ಕೆ ನೂಕಿದ್ರೆ ಮರ ಅದನ್ನ ಎಡಕ್ಕೆ ತಳ್ಳುತ್ತೆ, ಪಟ್ಟಿ ಬಲಗಡೆ ಇದ್ರೆ ತಡೆಯೋರ್ಯಾರು? ಎಡಗಡೆ ಕಟ್ಟಿ, ಮಿಷನ್ ತಾನಾಗೇ ಪಟ್ಟಿಗೆ ಅಂಟ್ಕೊಂಡು ಹೋಗುತ್ತೆ. ಹಲಗೆ ಅಂಚು ಹೊಡೆಯೋವಾಗ್ಲೂ ಅಷ್ಟೇ, ಮರ ಯಾವಾಗ್ಲೂ ನಿಮ್ಮ ಎಡಕ್ಕಿರ್ಲಿ.

ಆಮೇಲೆ 2 ಎಂಎಂ ಥರ ಮೂರು ಸಲ ಹೊಡೀರಿ, ಚಿಕ್ಕ ಮಿಷನ್ನು ಪಾಪ. ಮಧ್ಯ ನಿಲ್ಲಿಸ್ಬೇಡಿ, ನಿಂತಲ್ಲೇ ಸುಡೋದು. ಆಳ ಜಾಸ್ತಿ ಆಗ್ತಿದೆ ಅಂದ್ರೆ ಬಿಟ್ ಅದನ್ನ ಹಿಡಿದಿರೋ ಕಾಲೆಟ್‌ನಿಂದ ಕೆಳಕ್ಕೆ ಜಾರ್ತಿದೆ. ಕಾಲೆಟ್ ಕಾಲಿಂಚಿಂದು, ಅಂದ್ರೆ 6.35 ಎಂಎಂ, ಬಿಟ್ ಕಾಲು (ಕಾಲೆಟ್ ಒಳಗೆ ಹೋಗೋ ಕಡ್ಡಿ) 6 ಎಂಎಂದು ಇರ್ಬಹುದು ನೋಡಿ. ಹಿಡಿದಂಗೆ ಕಾಣುತ್ತೆ, ಹಿಡಿಯಲ್ಲ. ಪೂರ್ತಿ ಒಳಗೆ ಬಿಟ್ಟು 2-3 ಎಂಎಂ ಮೇಲಕ್ಕೆ ಎಳೆದು ಆಮೇಲೆ ಟೈಟ್ ಮಾಡಿ.

12ರ ಬಿಟ್ಟಲ್ಲಿ 18 ತೆಗೆಯೋಕೆ ಪಟ್ಟಿ ಅಲ್ಲಾಡಿಸ್ಲೇಬೇಡಿ. ಶೆಲ್ಫ್ ಹಲಗೆ ನಿಜವಾದ ದಪ್ಪ ಅಳೆದು (ಈ ಮಳೇಲಿ 18 ಅಂದದ್ದು ಹದಿನೆಂಟೂವರೆನೂ ಆಗಿರುತ್ತೆ) ಅದ್ರಲ್ಲಿ 12 ಕಳೆದು ಉಳಿದಷ್ಟು ದಪ್ಪದ ರೀಪು ಮಾಡ್ಕೊಳ್ಳಿ. ಮೊದ್ಲು ಪಟ್ಟಿಗೂ ಮಿಷನ್ನಿಗೂ ನಡುವೆ ರೀಪು ಇಟ್ಟು ಹೊಡೀರಿ, ಆಮೇಲೆ ರೀಪು ತೆಗೆದು ಇನ್ನೊಂದ್ಸಲ. ಮಿಷನ್ ಬೇಸಲ್ಲಿ (ತಳದ ತಟ್ಟೇಲಿ) ಒಂದು ಕಡೆ ಗುರುತು ಹಾಕಿ ಅದೇ ಭಾಗ ಪಟ್ಟಿಗೆ ತಾಗಿಸ್ಕೊಂಡು ಹೋಗಿ, ಬಿಟ್ ಬೇಸಿನ ಸರಿ ಮಧ್ಯದಲ್ಲೇ ಇರುತ್ತೆ ಅಂತ ನಂಬೋಕಾಗಲ್ಲ.

ಕಾಫಿಪುಡಿ:
ಇನ್ನೊಂದು ಯಾರೂ ಹೇಳಲ್ಲ. ನಮ್ಮ ಮೂಡಿಗೆರೆ ಕಡೆ ಕರೆಂಟ್ ಗೊತ್ತಲ್ಲ. ಹೋದ ಜುಲೈ ಗ್ರೂವ್ ಅರ್ಧ ಆದಾಗ ಹೋಯ್ತು, ನಾನು ಮಿಷನ್ ಹಲಗೆ ಮೇಲೆ ಮಲಗಿಸಿ ಕಾಫಿ ಕುಡಿಯೋಕೆ ಹೋದೆ, ಸ್ವಿಚ್ ಆನಲ್ಲೇ ಇದೆ. ಕರೆಂಟ್ ಬಂದಾಗ ಅದು ತಾನೇ ಎದ್ದು ಟೇಬಲ್ ಮೇಲೆ ಕುಣಿದು ನೆಲಕ್ಕೆ ಬಿತ್ತು, ವೈರ್ ಮೇಲೆ ಬಿಟ್ ಹರಿದಿತ್ತು. ಕರೆಂಟ್ ಹೋದ್ರೆ ಮೊದ್ಲು ಪ್ಲಗ್ ಕೀಳಿ, ಬಿಟ್ ಬದಲಾಯಿಸೋವಾಗ್ಲೂ ಪ್ಲಗ್ ಕಿತ್ತೇ ಇರ್ಲಿ. ಕನ್ನಡಕ, ಮಾಸ್ಕ್ ಹಾಕ್ಕೊಳ್ಳಿ, ಕೊರಳಲ್ಲಿ ಟವೆಲ್ ಬೇಡ.

ಸಕಲೇಶಪುರದವ:
ಆಚಾರಿಯಣ್ಣ, ಬಿಟ್ ಕಾಲು 6 ಎಂಎಂದೇ ಆಗಿತ್ತು! ಡಬ್ಬೀಲಿ ಇನ್ನೊಂದು ಕಾಲೆಟ್ ಇತ್ತು, ನೋಡೇ ಇರ್ಲಿಲ್ಲ. ಪಟ್ಟಿ ಎಡಕ್ಕೆ ಹಾಕಿ ರೀಪು ಇಟ್ಟು ಹೊಡೆದೆ, ಹಲಗೆ ಅಂಗೈಲಿ ತಟ್ಟಿದ್ರೆ ಕೂರ್ತು. ಕೊನೇ ಅಂಚಲ್ಲಿ ಮಾತ್ರ ಒಂದು ಚಕ್ಕೆ ಎದ್ದೋಯ್ತು.

ಬೇಲೂರು ಆಚಾರಿ:
ಬಿಟ್ ಹೊರಗೆ ಬರೋ ಕಡೆ ಬೇಡದ ತುಂಡು ಒಂದು ಒತ್ತಿ ಕ್ಲಾಂಪ್ ಮಾಡಿ, ಎದ್ರೆ ಅದ್ರದ್ದು ಏಳ್ಲಿ. ಎದ್ದ ಚಕ್ಕೆ ಬಿಸಾಡಿಲ್ಲ ತಾನೆ? ಗೋಂದು ಹಾಕಿ ಅಂಟಿಸಿ, ಸಿಲ್ವರ್ ಓಕ್ ಎಳೇಲಿ ಗೊತ್ತೇ ಆಗಲ್ಲ.