ಅತ್ತಿಗೆಯ ಉಗುರಿನ ಬಿಳಿ ಚುಕ್ಕೆ

ಅತ್ತಿಗೆ, ನೀವು ಬೆಳಿಗ್ಗೆ ಗುಂಪಿಗೆ ಹಾಕಿದ ಪಟ್ಟಿಯನ್ನು ಈಗ ನೋಡಿದೆ. ಉಗುರಿನಲ್ಲಿ ಬಿಳಿ ಚುಕ್ಕೆ ಕಂಡರೆ ಕ್ಯಾಲ್ಸಿಯಂ ಕಡಿಮೆ, ಕೂದಲು ಉದುರಿದರೆ ಸತು, ಮೀನಖಂಡ ಹಿಡಿದುಕೊಂಡರೆ ಮೆಗ್ನೀಸಿಯಂ, ಸುಸ್ತಾದರೆ ಕಬ್ಬಿಣ. ಕೆಳಗೆ ‘ನಾಲ್ಕೂ ಮಾತ್ರೆ ತರಿಸಿಬಿಡಲೇ?’ ಎಂದು ಕೇಳಿದ್ದೀರಿ. ತರಿಸಬೇಡಿ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳಿ.

ಮೊದಲು ಆ ಚುಕ್ಕೆ. ಅದು ಸಾಮಾನ್ಯವಾಗಿ ಉಗುರಿನ ಬುಡಕ್ಕೆ ಬಿದ್ದ ಪೆಟ್ಟಿನ ಗುರುತು. ಎರಡು ತಿಂಗಳ ಹಿಂದೆ ಕಪಾಟಿನ ಬಾಗಿಲಿಗೆ ಸಿಕ್ಕಿಸಿಕೊಂಡು ಕೂಗಿದಿರಲ್ಲ, ಅದೇ ಬೆರಳಲ್ಲವೇ? ಉಗುರು ಬೆಳೆದಂತೆ ಚುಕ್ಕೆ ತುದಿಗೆ ಬರುತ್ತದೆ, ಕತ್ತರಿಸಿದರೆ ಹೋಯಿತು. ಕ್ಯಾಲ್ಸಿಯಂ ಕೊರತೆ ಹಾಗೆ ಚೀಟಿ ಬರೆದು ತಿಳಿಸುವುದಿಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ಶೇ 99ರಷ್ಟು ಇರುವುದು ಮೂಳೆ ಹಲ್ಲುಗಳಲ್ಲಿ. ರಕ್ತದಲ್ಲಿ ಕಡಿಮೆಯಾದರೆ ದೇಹ ಮೂಳೆಯಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಮೂಳೆ ಸವೆಯುತ್ತಿದ್ದರೂ ರಕ್ತದ ವರದಿ ಸರಿಯಾಗಿಯೇ ಬರಬಹುದು. ವಯಸ್ಕರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಬೇಕು. ವಿಟಮಿನ್ ಡಿ ಇಲ್ಲದಿದ್ದರೆ ಎಷ್ಟು ತಿಂದರೂ ಅದು ಒಳಗೆ ಸರಿಯಾಗಿ ಸೇರುವುದಿಲ್ಲ.

ನಿಮ್ಮ ಸುಸ್ತಿನ ವಿಷಯವನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ನನಗೇ ಆದ ಪಾಡು ಅದು. ನಡುರಾತ್ರಿ ಎದ್ದು ಫ್ರಿಜ್ಜಿನಿಂದ ಐಸ್ ತೆಗೆದು ಕಟಕಟ ಅಗಿಯುತ್ತಿದ್ದೆ. ಮನೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 12.3 ಬಂದಿತ್ತು. ಗರ್ಭಿಣಿಯರಲ್ಲದ ಮಹಿಳೆಯರಿಗೆ 12ಕ್ಕಿಂತ ಕೆಳಗಿಳಿದರೆ ತಾನೇ ರಕ್ತಹೀನತೆ, ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಂಡೆ. ಬೇರೊಬ್ಬ ವೈದ್ಯೆ ಐಸ್ ತಿನ್ನುವ ವಿಷಯ ಕೇಳಿ ಫೆರಿಟಿನ್, ಅಂದರೆ ದೇಹ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಪರೀಕ್ಷೆ ಬರೆದುಕೊಟ್ಟರು. 8 ಬಂತು. 15ಕ್ಕಿಂತ ಕಡಿಮೆಯೆಂದರೆ ಕಬ್ಬಿಣದ ಉಗ್ರಾಣ ಬರಿದಾಗಿದೆ ಎಂದೇ ಅರ್ಥ. ಮೊದಲು ಬರಿದಾಗುವುದು ಉಗ್ರಾಣ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಐಸ್, ಸೀಮೆಸುಣ್ಣ, ಮಣ್ಣು ತಿನ್ನಬೇಕೆನಿಸುವುದು ಇದರ ಲಕ್ಷಣವಾಗಿರಬಹುದು. ಜ್ವರವೋ ಸೋಂಕೋ ಇದ್ದಾಗ ಮಾತ್ರ ಈ ಪರೀಕ್ಷೆ ಮಾಡಿಸಬೇಡಿ, ಫೆರಿಟಿನ್ ಏರಿ ಕೊರತೆಯನ್ನು ಮುಚ್ಚಿಬಿಡುತ್ತದೆ.

ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೂ ಒಂದು ತಪ್ಪು ಮಾಡಿದೆ. ನುಂಗಿ ಹತ್ತು ನಿಮಿಷಕ್ಕೆ ಚಹಾ ಕುಡಿಯುತ್ತಿದ್ದೆ. ಚಹಾ, ಕಾಫಿ, ಕ್ಯಾಲ್ಸಿಯಂ ಮಾತ್ರೆ ಇವೆಲ್ಲ ಕಬ್ಬಿಣಕ್ಕೆ ಅಡ್ಡಗಾಲು. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಜೊತೆಗೆ ನಿಂಬೆಯಂಥ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಲ ಕಪ್ಪಾದರೆ ಗಾಬರಿಯಾಗಬೇಡಿ, ಮಾತ್ರೆಯ ಕಬ್ಬಿಣದಿಂದ ಹಾಗಾಗುತ್ತದೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ನುಂಗಿದರೆ ಉಗ್ರಾಣ ತುಂಬುತ್ತದೆ. ಹಲವರು ಅದಕ್ಕೆ ಮುಂಚೆಯೇ ನಿಲ್ಲಿಸಿಬಿಡುತ್ತಾರೆ.

ಕಬ್ಬಿಣ ಎಲ್ಲಿಂದ ಸೋರುತ್ತಿದೆ ಎಂದೂ ನೋಡಬೇಕು. ನನ್ನದು ಮುಟ್ಟಿನ ಅತಿ ಸ್ರಾವ. ಗಂಡಸರಿಗೋ ಮುಟ್ಟು ನಿಂತವರಿಗೋ ಕಬ್ಬಿಣ ಇಳಿದಿದ್ದರೆ ಕರುಳಿನಲ್ಲಿ ರಕ್ತ ಸೋರುತ್ತಿರಬಹುದು, ಅದನ್ನು ಹುಡುಕದೆ ಮಾತ್ರೆ ನುಂಗಿಸುವುದು ತಪ್ಪು. ಬಿ12 ಕೊರತೆ, ಥೈರಾಯ್ಡ್ ಕೂಡ ಹೀಗೇ ಸುಸ್ತು ತರುತ್ತವೆ.

ಅಯೋಡಿನ್‌ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ, ಅಯೋಡಿನ್ ಸೇರಿಸಿದ ಉಪ್ಪಿದ್ದರೆ ಸಾಕು, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಸತು ಕಡಿಮೆಯಾದರೆ ಗಾಯ ಬೇಗ ಮಾಯುವುದಿಲ್ಲ, ರುಚಿ ತಿಳಿಯುವುದಿಲ್ಲ. ಆದರೆ ಸತುವಿನ ಮಾತ್ರೆಯನ್ನು ತಿಂಗಳುಗಟ್ಟಲೆ ಹೆಚ್ಚು ನುಂಗಿದರೆ ತಾಮ್ರ ಕಡಿಮೆಯಾಗುತ್ತದೆ. ಒಂದನ್ನು ಕಟ್ಟಲು ಹೋಗಿ ಇನ್ನೊಂದನ್ನು ಬಿಚ್ಚಿದಂತೆ.

ಮೀನಖಂಡ ಹಿಡಿದುಕೊಳ್ಳುವುದು ಅಣ್ಣನಿಗಲ್ಲವೇ? ಬಿ.ಪಿ.ಗೆ ಅವನು ನುಂಗುವುದು ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ವೈದ್ಯರಿಗೆ ಹೇಳಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡನ್ನೂ ಪರೀಕ್ಷೆ ಮಾಡಿಸಿ. ಅಂಥ ಮಾತ್ರೆಗಳಲ್ಲಿ ಕೆಲವು ಪೊಟ್ಯಾಸಿಯಂ ಇಳಿಸುತ್ತವೆ, ಕೆಲವು ಏರಿಸುತ್ತವೆ. ನೀವಾಗಿ ಪೊಟ್ಯಾಸಿಯಂ ಕೊಡಬೇಡಿ, ಅತಿಯಾದರೆ ಹೃದಯದ ಬಡಿತವೇ ತಪ್ಪುತ್ತದೆ.

ನೀವು ಈ ವಾರ ರಕ್ತ ಪರೀಕ್ಷೆಗೆ ಹೋದರೆ ಫೆರಿಟಿನ್ ಕೂಡ ಬರೆಸಿಕೊಳ್ಳಿ. ಕಬ್ಬಿಣದ ಮಾತ್ರೆ ಈಗಾಗಲೇ ಮನೆಗೆ ಬಂದಿದ್ದರೆ ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿ. ಪುಟ್ಟಿ ಮಿಠಾಯಿ ಎಂದುಕೊಂಡು ಒಂದಷ್ಟು ನುಂಗಿದರೆ ಜೀವಕ್ಕೇ ಅಪಾಯ.