ತಜ್ಞರನ್ನು ಕೇಳಿ: ರಸ್ತೆ ಮುಗಿದ ಮೇಲಿನ ಊರುಗಳಲ್ಲಿ ಮಕ್ಕಳ ಲಸಿಕೆ

ನಿರ್ವಾಹಕ: ದೂರದ ಊರುಗಳಲ್ಲಿ ಮಕ್ಕಳ ಲಸಿಕೆ ಏಕೆ ಅರ್ಧಕ್ಕೆ ನಿಲ್ಲುತ್ತದೆ, ಅದನ್ನು ಹೇಗೆ ಪೂರ್ಣಗೊಳಿಸಬಹುದು ಎಂಬುದು ಈ ವಾರದ ವಿಷಯ. ಗುಡ್ಡಗಾಡಿನ ಲಸಿಕಾ ಕಾರ್ಯಕ್ರಮಗಳಲ್ಲಿ ಬಹುಕಾಲ ದುಡಿದಿರುವ ಮಕ್ಕಳ ವೈದ್ಯೆಯೊಬ್ಬರು ಬಿಡುವಾದಾಗ ಉತ್ತರಿಸುತ್ತಾರೆ. ಕೇಳಿದ್ದನ್ನೇ ಮತ್ತೆ ಕೇಳಬಾರದೆಂದು ವಿನಂತಿ.

ಚೊಚ್ಚಲ ತಾಯಿ: ನಮಸ್ಕಾರ ಡಾಕ್ಟರೇ. ಮಗುವಿಗೆ ಆರು ವಾರದ ಲಸಿಕೆ ಹಾಕಿಸಿದ ಮೇಲೆ ಹೊಳೆ ತುಂಬಿದ್ದರಿಂದ ಐದು ತಿಂಗಳು ಆಚೆ ದಾಟಲು ಆಗಲಿಲ್ಲ. ಈಗ ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕೆ?

ವೈದ್ಯೆ: ಬೇಡ ಅಮ್ಮಾ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಈ ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರಗಳ ಅಂತರವಿರಬೇಕು, ಅದಕ್ಕಿಂತ ತಡವಾದರೆ ಹಿಂದಿನ ಡೋಸು ಹಾಳಾಗುವುದಿಲ್ಲ. ಆದರೆ ನಡುವಿನ ಆ ತಿಂಗಳುಗಳಲ್ಲಿ ಮಗು ನಾಯಿಕೆಮ್ಮಿಗೆ ತೆರೆದುಕೊಂಡಿರುತ್ತದೆ, ಆದ್ದರಿಂದ ಇನ್ನೂ ತಡಮಾಡಬೇಡಿ. ಕಾರ್ಡ್ ಕಳೆದಿದ್ದರೂ ಹೋಗಿ.

ಬೆಟ್ಟದ ಮೇಷ್ಟ್ರು: ನಾನು ಶಿಕ್ಷಕನಾಗಿ ಹನ್ನೆರಡು ವರ್ಷಗಳಿಂದ ನೋಡುತ್ತಿದ್ದೇನೆ. ಸಮಸ್ಯೆ ಇರುವುದು ಪೋಷಕರ ಅಜ್ಞಾನದಲ್ಲಿ. ಲಸಿಕೆ ಹಾಕಿಸದವರಿಗೆ ಸೌಲಭ್ಯ ನಿಲ್ಲಿಸಿದರೆ ಒಂದೇ ವರ್ಷದಲ್ಲಿ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ. ನಿಮ್ಮ ಅಭಿಪ್ರಾಯವೇನು?

ಕಾಡಂಚಿನ ತಾಯಿ: ಮೇಷ್ಟ್ರೇ, ನಾನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ಬಾರಿ ಇಳಿದು ಬಂದಿದ್ದೇನೆ. ಒಮ್ಮೆ ಬಾಗಿಲಿಗೆ ಬೀಗ ಹಾಕಿತ್ತು, ಒಮ್ಮೆ ಮದ್ದು ಬಂದಿರಲಿಲ್ಲ, ಮತ್ತೊಮ್ಮೆ ಮಗುವಿಗೆ ನೆಗಡಿಯಿದೆ ಎಂದು ವಾಪಸು ಕಳಿಸಿದರು. ಇದರಲ್ಲಿ ನನ್ನ ಅಜ್ಞಾನ ಯಾವುದು?

ವೈದ್ಯೆ: ಮೇಷ್ಟ್ರ ಪ್ರಶ್ನೆಗೆ ಈ ತಾಯಿಯೇ ನನಗಿಂತ ಚೆನ್ನಾಗಿ ಉತ್ತರಿಸಿದ್ದಾರೆ. ನೆಗಡಿ, ಸಣ್ಣ ಜ್ವರ, ಸಣ್ಣಗಿನ ಭೇದಿ, ತೂಕ ಕಡಿಮೆ ಇರುವುದು, ಇವು ಯಾವುವೂ ಲಸಿಕೆ ತಪ್ಪಿಸಲು ಕಾರಣವಲ್ಲ. ಸೊರಗಿದ ಮಗುವಿಗೆ ದಡಾರ ಬಂದರೆ ಬದುಕುವುದೇ ಕಷ್ಟ, ಹಾಗಾಗಿ ಅಂಥ ಮಗುವಿಗೇ ಲಸಿಕೆ ಮೊದಲು ಸಲ್ಲಬೇಕು.

ಅಂಕಿಅಂಶ ಗುಮಾಸ್ತ: ನಮ್ಮ ವಲಯದ ವರದಿಯಲ್ಲಿ ದಡಾರದ ಲಸಿಕೆ ಶೇ. 108 ತಲುಪಿದೆ. ಆದರೂ ದಡಾರ ಬಂತು. ಇದು ಹೇಗೆ ಸಾಧ್ಯ?

ವೈದ್ಯೆ: ನೂರಕ್ಕಿಂತ ಹೆಚ್ಚು ಬಂದಿದೆ ಎಂದರೆ ಕೆಳಗಿನ ಸಂಖ್ಯೆ, ಅಂದರೆ ಮಕ್ಕಳ ಎಣಿಕೆ, ತಪ್ಪಾಗಿದೆ. ಹಳೆಯ ಜನಗಣತಿಯನ್ನು ಹಿಡಿದು ಅಂದಾಜು ಮಾಡಿದಾಗ, ಕೆಲಸ ಹುಡುಕಿಕೊಂಡು ಬಂದು ನೆಲೆಸಿದ ಕುಟುಂಬಗಳೂ ಕಣಿವೆಯಾಚೆಯ ನಾಲ್ಕು ಮನೆಗಳೂ ಲೆಕ್ಕದಿಂದ ಹೊರಗೆ ಉಳಿಯುತ್ತವೆ. ವರ್ಷಕ್ಕೆ ಎರಡು ಬಾರಿಯಾದರೂ ಮನೆಮನೆಗೆ ಹೋಗಿ ಎಣಿಸಬೇಕು. ಹೆರಿಗೆ ಮಾಡಿಸುವ ಹೆಂಗಸರ ನೆನಪಿನಲ್ಲಿರುವ ಪಟ್ಟಿ ನಿಮ್ಮ ಕಂಪ್ಯೂಟರಿನ ಪಟ್ಟಿಗಿಂತ ಪೂರ್ಣವಾಗಿರುತ್ತದೆ, ಅದನ್ನು ಕೇಳಿ ಬರೆದುಕೊಳ್ಳಿ.

ದಡಾರದ ಲೆಕ್ಕ ಇನ್ನೂ ಕಠಿಣವಾದದ್ದು. ಒಬ್ಬ ರೋಗಿಯಿಂದ, ರಕ್ಷಣೆಯೇ ಇಲ್ಲದ ಸಮುದಾಯದಲ್ಲಿ, 12ರಿಂದ 18 ಜನರಿಗೆ ಅದು ಹರಡಬಲ್ಲದು. ಒಂಬತ್ತು ತಿಂಗಳಿಗೆ ಹಾಕುವ ಮೊದಲ ಡೋಸು ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಕೊಡುತ್ತದೆ. ವರ್ಷಕ್ಕೆ ನೂರು ಮಕ್ಕಳು ಹುಟ್ಟುವ ಕಡೆ ಎಂಬತ್ತು ಮಕ್ಕಳಿಗೆ ಒಂದೇ ಡೋಸು ಸಿಕ್ಕರೆ, ನಿಜವಾಗಿ ರಕ್ಷಣೆ ಪಡೆದವರು 68. ಉಳಿದ 32 ಮಕ್ಕಳು ವರ್ಷದಿಂದ ವರ್ಷಕ್ಕೆ ಒಟ್ಟುಗೂಡುತ್ತಾ ಹೋಗಿ, ಮೂರು ವರ್ಷ ಕಳೆಯುವಷ್ಟರಲ್ಲಿ ಒಂದಿಡೀ ವರ್ಷದ ಮಕ್ಕಳಷ್ಟು ಒಣ ಹುಲ್ಲು ಸಿದ್ಧವಾಗಿರುತ್ತದೆ. ಶೇ. 95 ಮಕ್ಕಳಿಗೆ ಎರಡೂ ಡೋಸು ಸಿಗಬೇಕು ಎಂದು ಹೇಳುವುದು ಈ ಕಾರಣಕ್ಕೆ.

ನೀವು ನೋಡಬೇಕಾದ ಇನ್ನೊಂದು ಸಂಖ್ಯೆಯಿದೆ. ಪೆಂಟಾವೇಲೆಂಟ್, ಅಂದರೆ ಐದು ರೋಗಗಳನ್ನು ಒಟ್ಟಿಗೆ ತಡೆಯುವ ಲಸಿಕೆಯ, ಮೊದಲ ಡೋಸು ಪಡೆದವರು 80, ಮೂರನೆಯದು ಪಡೆದವರು 52 ಎಂದಾದರೆ, 80ರಲ್ಲಿ 28, ಅಂದರೆ ನೂರಕ್ಕೆ 35 ಮಕ್ಕಳು ನಡುವೆಯೇ ಕೈಬಿಟ್ಟುಹೋಗಿದ್ದಾರೆ. ಇವರು ಲಸಿಕೆಯನ್ನು ನಿರಾಕರಿಸಿದವರಲ್ಲ, ಒಮ್ಮೆ ಬಂದು ಮತ್ತೆ ಬರಲಾಗದವರು. ಹತ್ತನ್ನು ಮೀರಿದ ಪ್ರಮಾಣವನ್ನು ನಮ್ಮ ವ್ಯವಸ್ಥೆಯ ದೋಷವೆಂದೇ ತಿಳಿಯಬೇಕು.

ಬೆಟ್ಟದ ಮೇಷ್ಟ್ರು: ಎಲ್ಲವನ್ನೂ ವ್ಯವಸ್ಥೆಯ ಮೇಲೆ ಹಾಕಿದರೆ ಪೋಷಕರಿಗೆ ಜವಾಬ್ದಾರಿಯೇ ಇಲ್ಲವೇ?

ಕಾಡಂಚಿನ ತಾಯಿ: ಸೌಲಭ್ಯ ನಿಲ್ಲಿಸಿದರೆ ಹಸಿಯುವುದು ಮಗುವೇ. ಲಸಿಕೆಯೂ ಇಲ್ಲ, ಊಟವೂ ಇಲ್ಲ ಎಂಬುದು ಯಾವ ನ್ಯಾಯ?

ಬೆಟ್ಟದ ಮೇಷ್ಟ್ರು: ಭಾವುಕತೆಯಿಂದ ರೋಗ ತಡೆಯಲಾಗುವುದಿಲ್ಲ.

ಹಿತೈಷಿ: ಈ ಸಂದೇಶ ನನಗೆ ಬಂದಿದೆ, ಎಲ್ಲರಿಗೂ ಉಪಯೋಗವಾಗಲಿ: "ಹುಟ್ಟಿದ ಮಗುವಿಗೆ 21 ದಿನ ಗಿಡಮೂಲಿಕೆ ಕಷಾಯ ಕುಡಿಸಿದರೆ ಲಸಿಕೆಯ ಅಗತ್ಯವಿಲ್ಲ. ಚುಚ್ಚಿದ ಜಾಗಕ್ಕೆ ಬೂದಿ ಹಚ್ಚಿದರೆ ಊತ ಇಳಿಯುತ್ತದೆ."

ವೈದ್ಯೆ: ಆರು ತಿಂಗಳವರೆಗೆ ಮಗುವಿಗೆ ಎದೆಹಾಲಿನ ಹೊರತು ಏನನ್ನೂ ಕುಡಿಸಬಾರದು, ನೀರನ್ನೂ ಸಹ. ಬೂದಿಯನ್ನು ಚುಚ್ಚಿದ ಗಾಯಕ್ಕೆ ಹಚ್ಚುವುದೆಂದರೆ ಕೀವಿಗೆ ಆಹ್ವಾನ, ಹೊಕ್ಕುಳಿಗೆ ಹಚ್ಚುವುದೆಂದರೆ ಧನುರ್ವಾಯುವಿಗೆ. ಇಂಥ ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ, ಇದನ್ನು ಬರೆದವರು ಯಾರು ಎಂದು ಒಮ್ಮೆ ಕೇಳಿಕೊಳ್ಳಿ. ನನಗೂ ಇದು ನಾಲ್ಕು ಬಾರಿ ಬಂದಿದೆ, ನಾಲ್ಕು ಬಾರಿಯೂ ಬರೆದವರ ಹೆಸರಿರಲಿಲ್ಲ.

ಹೊರೆ ಹೊರುವವ: ನಾನು ಲಸಿಕೆಯ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತೇನೆ. ದಾರಿ ದೂರವೆಂದು ಐಸ್ ಪ್ಯಾಕ್‌ಗಳನ್ನು ಫ್ರೀಜರಿನಿಂದ ತೆಗೆದ ಕೂಡಲೇ ಪೆಟ್ಟಿಗೆಗೆ ತುಂಬುತ್ತೇವೆ. ತಣ್ಣಗಿದ್ದಷ್ಟೂ ಒಳ್ಳೆಯದಲ್ಲವೇ?

ವೈದ್ಯೆ: ಅಲ್ಲ. ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್, ಧನುರ್ವಾಯುವಿನ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಕರಗಿಸಿದರೆ ಸರಿಹೋಗುವುದಿಲ್ಲ. ವಯಲ್, ಅಂದರೆ ಲಸಿಕೆಯ ಪುಟ್ಟ ಶೀಶೆಯ, ಮೇಲಿನ ಚೌಕದ ಗುರುತು ಶಾಖಕ್ಕೆ ಮಾತ್ರ ಬಣ್ಣ ಬದಲಿಸುತ್ತದೆ; ಹೆಪ್ಪುಗಟ್ಟಿದ್ದನ್ನು ಅದು ತೋರಿಸುವುದಿಲ್ಲ. ಐಸ್ ಪ್ಯಾಕ್‌ಗಳನ್ನು ಮೇಜಿನ ಮೇಲೆ ಹರಡಿಡಿ. ಮೈಮೇಲೆ ಬೆವರಿನಂತೆ ಹನಿ ಮೂಡಿ, ಕಿವಿಯ ಬಳಿ ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿಸಿದ ಮೇಲೆ ತುಂಬಿ. ನೀವು ಕೇಳಿದ್ದು ಒಳ್ಳೆಯದಾಯಿತು, ಇದನ್ನು ಯಾರೂ ಕೇಳುವುದಿಲ್ಲ.

ನಿವೃತ್ತ ಎಂಜಿನಿಯರ್: ಡ್ರೋನ್ ಬಳಸಿದರೆ ಈ ಎಲ್ಲ ತೊಂದರೆ ತಪ್ಪುವುದಿಲ್ಲವೇ?

ವೈದ್ಯೆ: 2018ರಲ್ಲಿ ವನುವಾಟು ದ್ವೀಪಗಳಲ್ಲಿ ಡ್ರೋನ್ ಮೂಲಕ ಲಸಿಕೆ ತಲುಪಿಸಿದ್ದಾರೆ. ಡ್ರೋನ್ ವಯಲ್ ತರುತ್ತದೆ, ಚುಚ್ಚುವ ಕೈಯನ್ನು ತರುವುದಿಲ್ಲ.

ಹೊಸ ನರ್ಸ್: ಮೇಡಂ, ನಾನು ತಿಂಗಳಿಗೊಮ್ಮೆ ನಡೆದು ಹೋಗಿ ಮೂರು ಊರುಗಳಲ್ಲಿ ಲಸಿಕೆ ಹಾಕುತ್ತೇನೆ. ದಡಾರದ ಲಸಿಕೆ ಹತ್ತು ಡೋಸಿನ ವಯಲ್‌ನಲ್ಲಿ ಬರುತ್ತದೆ, ಮೊದಲ ಊರಿನಲ್ಲಿ ಇರುವುದು ಎರಡೇ ಮಕ್ಕಳು. ತೆರೆದರೆ ವ್ಯರ್ಥವಾಯಿತೆಂದು ಮೇಲಿನವರು ಲೆಕ್ಕ ಕೇಳುತ್ತಾರೆ. ಅದಕ್ಕಾಗಿ ನಿನ್ನೆ ಲಸಿಕೆಯ ಪುಡಿಗೆ ನೀರು ಬೆರೆಸಿ ಉಳಿದಿದ್ದ ಮದ್ದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು, ಇಂದು ಬೆಳಿಗ್ಗೆ ಎರಡನೆಯ ಊರಿನ ಆರು ಮಕ್ಕಳಿಗೆ ಹಾಕಿದೆ. ವ್ಯರ್ಥ ತಪ್ಪಿಸಲು ಇದು ಸರಿಯಾದ ದಾರಿಯೇ?

ವೈದ್ಯೆ: ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ನೀವು ಈಗಲೇ ಎದ್ದು ಆ ಊರಿಗೆ ಮರಳಿ ಹೋಗಬೇಕು. ಬೆರೆಸಿದ ದಡಾರದ ಲಸಿಕೆಯನ್ನು ಆರು ಗಂಟೆಯೊಳಗೆ ಅಥವಾ ಆ ದಿನದ ಕೆಲಸ ಮುಗಿಯುತ್ತಲೇ, ಯಾವುದು ಮೊದಲೋ ಆಗ, ಎಸೆಯಬೇಕು. ಅದರಲ್ಲಿ ಕೀಟಾಣು ಬೆಳೆಯದಂತೆ ತಡೆಯುವ ಯಾವ ವಸ್ತುವೂ ಇಲ್ಲ. ಸೂಜಿಯ ಮೂಲಕ ಒಳಹೊಕ್ಕ ಕೀಟಾಣು ರಾತ್ರಿಯಿಡೀ ಬೆಳೆದು ವಿಷವನ್ನು ಬಿಟ್ಟಿರಬಹುದು. 2017ರಲ್ಲಿ ದಕ್ಷಿಣ ಸುಡಾನಿನಲ್ಲಿ, ಒಂದೇ ಬೆರೆಸುವ ಸಿರಿಂಜನ್ನು ನಾಲ್ಕು ದಿನ ಬಳಸಿ, ಲಸಿಕೆಯನ್ನು ತಣ್ಣಗಿಡದೆ ಹಾಕಿದ್ದರಿಂದ 15 ಮಕ್ಕಳು ಸತ್ತರು. ನಿಮ್ಮ ಪೆಟ್ಟಿಗೆ ತಣ್ಣಗಿತ್ತು ಎಂಬುದಷ್ಟೇ ನನಗಿರುವ ಸಮಾಧಾನ.

ಆರು ಮಕ್ಕಳ ಹೆಸರು, ಚುಚ್ಚಿದ ಹೊತ್ತು, ವಯಲ್ ಮತ್ತು ಬೆರೆಸುವ ನೀರಿನ ಬ್ಯಾಚ್ ಸಂಖ್ಯೆ ಬರೆದುಕೊಳ್ಳಿ. ವಯಲನ್ನು ಎಸೆಯದೆ ತಣ್ಣಗೆ ಇಡಿ. ಪ್ರತಿ ಮಗುವನ್ನೂ ಬಟ್ಟೆ ತೆಗೆಸಿ ನೋಡಿ: ಜೋರು ಜ್ವರ, ವಾಂತಿ, ನೀರಿನಂಥ ಭೇದಿ, ಮಂಕು ಕವಿದಿರುವುದು, ಹಾಲು ಬಿಟ್ಟಿರುವುದು. ಇವು ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಕಾಣಿಸುತ್ತವೆ, ಆದರೂ ಎರಡು ದಿನ ಅಲ್ಲೇ ಉಳಿಯಿರಿ. ಒಂದು ಲಕ್ಷಣ ಕಂಡರೂ ಮಗುವನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೊರಡಿ. ಮೇಲಿನವರಿಗೆ ಇಂದೇ ತಿಳಿಸಿ. ಆ ಡೋಸುಗಳನ್ನು ಲೆಕ್ಕಕ್ಕೆ ಹಿಡಿಯದೆ, ನಾಲ್ಕು ವಾರಗಳ ನಂತರ ಹೊಸ ವಯಲ್‌ನಿಂದ ಮತ್ತೆ ಹಾಕಬೇಕಾಗುತ್ತದೆ.

ತಾಯಂದಿರಿಗೆ ನಿಜ ಹೇಳಿ. 2018ರಲ್ಲಿ ದ್ವೀಪ ರಾಷ್ಟ್ರ ಸಮೋವಾದಲ್ಲಿ ಲಸಿಕೆಯ ಪುಡಿಗೆ ತಪ್ಪು ಔಷಧಿ ಬೆರೆಸಿದ್ದರಿಂದ ಎರಡು ಶಿಶುಗಳು ಸತ್ತವು. ಲಸಿಕೆ ನಿಂತಿತು, ನಂಬಿಕೆ ಹೋಯಿತು, ಮರುವರ್ಷದ ದಡಾರದಲ್ಲಿ 83 ಜನರು ಸತ್ತರು, ಹೆಚ್ಚಿನವರು ಎಳೆಯ ಮಕ್ಕಳು. ಇನ್ನು ನಿಮ್ಮ ಮೂಲ ಪ್ರಶ್ನೆ: ಒಂದೇ ಮಗು ಇದ್ದರೂ ವಯಲ್ ತೆರೆಯಿರಿ. ಎಂಟು ಡೋಸು ಎಸೆದದ್ದಕ್ಕೆ ನಿಮ್ಮನ್ನು ಗದರಿಸುವವರು, ಈ ತಪ್ಪಿನಲ್ಲಿ ನಿಮ್ಮಷ್ಟೇ ಪಾಲುದಾರರು.

ಬೆಟ್ಟದ ಮೇಷ್ಟ್ರು: ಇಂಥ ನಿರ್ಲಕ್ಷ್ಯಕ್ಕೆ ಕೆಲಸದಿಂದ ತೆಗೆಯಬೇಕು.

ಕಾಡಂಚಿನ ತಾಯಿ: ತೆಗೆದ ಮೇಲೆ ಆ ಮೂರು ಊರಿಗೆ ನೀವು ನಡೆದು ಹೋಗುತ್ತೀರಾ?

ಹಿತೈಷಿ: ಅದಕ್ಕೇ ನಾನು ಕಷಾಯ ಎಂದದ್ದು.

ವೈದ್ಯೆ: ತಪ್ಪನ್ನು ತಾವಾಗಿ ಹೇಳಿಕೊಂಡವರನ್ನು ಶಿಕ್ಷಿಸಿದರೆ ಮುಂದಿನವರು ಮುಚ್ಚಿಡುತ್ತಾರೆ, ಮೇಷ್ಟ್ರೇ. ಹಿತೈಷಿಯವರನ್ನು ಗುಂಪಿನಲ್ಲಿ ಇಟ್ಟುಕೊಳ್ಳಬೇಕೇ ಎಂಬುದನ್ನು ನಿರ್ವಾಹಕರು ಯೋಚಿಸಲಿ.

ಅವಳಿ ಮಕ್ಕಳ ತಂದೆ: ಕ್ಷಯದ ಲಸಿಕೆ ಬಿಸಿಜಿ ಹಾಕಿಸಿದ ಒಂದು ಮಗುವಿಗೆ ಕಲೆ ಮೂಡಿದೆ, ಇನ್ನೊಂದಕ್ಕೆ ಮೂಡಿಲ್ಲ. ಮತ್ತೆ ಹಾಕಿಸಬೇಕೆ? ನೆಗಡಿಯೂ ಇದೆ, ಲಸಿಕೆ ಹಾಕಿಸಬಹುದೇ?

ವೈದ್ಯೆ: ಬಿಸಿಜಿ ಮತ್ತೆ ಬೇಡ. ನೆಗಡಿಯ ಬಗ್ಗೆ ಮೇಲೆ ಓದಿ.

ನಿವೃತ್ತ ಎಂಜಿನಿಯರ್: ಸೌರಶಕ್ತಿಯ ಫ್ರಿಜ್ ಬಗ್ಗೆ ಕೇಳುವುದಿತ್ತು. ಬ್ಯಾಟರಿ ಇಲ್ಲದ್ದೂ ಬರುತ್ತದಂತೆ, ಎಷ್ಟು ಬಾಳಿಕೆ ಬರುತ್ತದೆ?

ಹೊಸ ನರ್ಸ್: ಮೇಡಂ, ನಿನ್ನೆ ಸಂಜೆ ತಲುಪಿದೆ. ಐದು ಮಕ್ಕಳು ಆಡಿಕೊಂಡಿದ್ದಾರೆ. ಆರನೆಯ ಮಗುವಿಗೆ ಜ್ವರವೂ ವಾಂತಿಯೂ ಇತ್ತು. ಊರಿನವರು ರಾತ್ರಿಯೇ ಹೊತ್ತುಕೊಂಡು ಇಳಿಸಿದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರೆ, ಇಂದು ಬೆಳಿಗ್ಗೆ ಎರಡು ಬಾರಿ ಎದೆಹಾಲು ಕುಡಿದಿದೆ ಎಂದು ತಾಯಿ ಹೇಳಿದರು. ವಯಲ್ ನನ್ನ ಬಳಿಯೇ ಇದೆ. ಲೆಕ್ಕದ ಪುಸ್ತಕದ ವ್ಯರ್ಥದ ಕಾಲಂನಲ್ಲಿ ಏನು ಬರೆಯಲಿ?

ವೈದ್ಯೆ: ನಡೆದದ್ದನ್ನೇ ಬರೆಯಿರಿ: ಎರಡು ಡೋಸು ಬಳಸಿದ್ದು, ಎಂಟು ಎಸೆಯಬೇಕಾಗಿದ್ದದ್ದು, ಅದರಲ್ಲಿ ಆರು ಹಾಕಿದ್ದು. ಆ ಐವರ ಬಳಿ ನಾಳೆ ಬೆಳಿಗ್ಗೆಯವರೆಗೂ ಇರಿ. ಸಂಜೆ ಫೋನ್ ಸಿಗುವ ಕಡೆ ಬಂದು ನನಗೆ ಕರೆ ಮಾಡಿ.