ಒಂದೇ ಶೆಲ್ಫಿನಲ್ಲಿ ಆರು ಬ್ಯಾಟ್‌ಮ್ಯಾನ್: ಯಾವ ಸ್ಕೇಲ್, ಯಾವ ಮುಖ, ಕರಾವಳಿ ತೇವಕ್ಕೆ ಏನು ಮಾಡೋದು?

ಕಡಲತಡಿ:
ಸಿನಿಮಾ ಬ್ಯಾಟ್‌ಮ್ಯಾನ್‌ಗಳ ಆಕ್ಷನ್ ಫಿಗರ್‌ಗಳನ್ನ (ಕೈಕಾಲು ಆಡುವ ಸಂಗ್ರಹದ ಬೊಂಬೆ) ನಟರಿಗೊಂದರಂತೆ ಸಾಲಾಗಿ ನಿಲ್ಲಿಸಬೇಕು ಅಂತಿದೆ. ಮೈಕಲ್ ಕೀಟನ್ (1989, 1992), ವಾಲ್ ಕಿಲ್ಮರ್ (1995), ಜಾರ್ಜ್ ಕ್ಲೂನಿ (1997), ಕ್ರಿಶ್ಚಿಯನ್ ಬೇಲ್ (2005, 2008, 2012), ಬೆನ್ ಆಫ್ಲೆಕ್ (2016ರಿಂದ), ರಾಬರ್ಟ್ ಪ್ಯಾಟಿನ್ಸನ್ (2022). ಗಾಜಿನ ಬಾಗಿಲಿನ ಶೆಲ್ಫ್ ಇದೆ: ಅಗಲ 90 ಸೆಂ.ಮೀ., ಪ್ರತಿ ಹಂತದ ಎತ್ತರ 30 ಸೆಂ.ಮೀ. ಮನೆ ಮಂಗಳೂರಲ್ಲಿ.

ಕೇಳಬೇಕಾಗಿರೋದು ಮೂರು. 1/6 ಸ್ಕೇಲಿನದು ತಗೊಳ್ಳೋದಾ, 7 ಇಂಚಿನದಾ? ಮುಖವೆಲ್ಲ ಮುಚ್ಚಿರುವಾಗ ಯಾವ ನಟ ಅಂತ ಗುರುತು ಸಿಗೋ ಹಾಗೆ ಆರಿಸೋದು ಹೇಗೆ? ಮಳೆಗಾಲದಲ್ಲಿ ಸೂಟ್ ಹಾಳಾಗದಂತೆ ಏನು ಮಾಡಬೇಕು?

ಏಳಿಂಚು:
ಸ್ಕೇಲ್ ಪ್ರಶ್ನೆಗೆ ನಿಮ್ಮ ಶೆಲ್ಫೇ ಉತ್ತರ ಕೊಟ್ಟಿದೆ. 1/6 ಅಂದ್ರೆ ನಟನ ಎತ್ತರವನ್ನ ಆರರಿಂದ ಭಾಗಿಸಿ. ಕೀಟನ್ ಸುಮಾರು 175 ಸೆಂ.ಮೀ., ಹಾಗಾಗಿ ಫಿಗರ್ 29 ಸೆಂ.ಮೀ. ಬೇಲ್ 183, ಅಂದ್ರೆ ಮೂವತ್ತೂವರೆ. ಅದರ ಮೇಲೆ ಕೌಲ್‌ನ (ತಲೆ, ಮುಖ ಮುಚ್ಚೋ ಮುಸುಕು) ಕಿವಿ, ಕೆಳಗೆ ಬೇಸ್. ಒಳಗಿನ ಎತ್ತರ ಕನಿಷ್ಠ 36 ಸೆಂ.ಮೀ. ಇಲ್ಲದಿದ್ರೆ 1/6 ನೆಮ್ಮದಿಯಾಗಿ ನಿಲ್ಲಲ್ಲ. 30ಕ್ಕೆ 7 ಇಂಚೇ ಸರಿ.

ಮೆಕ್‌ಫಾರ್ಲೇನ್ ಅನ್ನೋ ಆಟಿಕೆ ಕಂಪನಿಯ 7 ಇಂಚಿನ ಡಿಸಿ ಮಲ್ಟಿವರ್ಸ್ ಸಾಲು 2020ರಲ್ಲಿ ಶುರುವಾಯ್ತು, ನಿಮ್ಮ ಆರೂ ನಟರ ಬ್ಯಾಟ್‌ಮ್ಯಾನ್ ಅದೊಂದರಲ್ಲೇ ಬಂದಿದೆ. ಎಲ್ಲ ಒಂದೇ ಅಳತೆ, ಜಾಯಿಂಟ್‌ಗಳೂ ಹೆಚ್ಚುಕಮ್ಮಿ ಒಂದೇ ಥರ. ಬೇರೆ ಬೇರೆ ಕಂಪನಿಯದ್ದು ಬೆರೆಸಿದ್ರೆ ಒಬ್ಬ ಇನ್ನೊಬ್ಬನ ಭುಜದವರೆಗೆ ಮಾತ್ರ ಬರೋದು, ಸಾಲೇ ಕೆಡುತ್ತೆ. ಮುಂದೆ 1966ರ ಆಡಂ ವೆಸ್ಟ್ ಸೇರಿಸಬೇಕು ಅನ್ಸಿದ್ರೆ ಇದನ್ನ ನೆನಪಿಡಿ: ಅದೇ ಕಂಪನಿಯ 66ರ ರೆಟ್ರೊ ಸಾಲು 6 ಇಂಚಿನದು.

ದುಡ್ಡು ಉಳಿಸೋ ಜಾಗ ಒಂದಿದೆ. ಬೇಲ್, ಕಿಲ್ಮರ್, ಕ್ಲೂನಿ ಮೂರೂ ಬಂದಿರೋದು ‘ಜೋಡಿಸಿ ಕಟ್ಟುವ’ ಸರಣಿಗಳಲ್ಲಿ. ಬೇಲ್ ಜೊತೆ ಜೋಕರ್, ಟೂ-ಫೇಸ್, ಸ್ಕೇರ್‌ಕ್ರೋ ಸೇರಿ ನಾಲ್ಕೂ ಡಬ್ಬಿ ತಗೊಂಡ್ರೆ ಅವುಗಳೊಳಗಿನ ತುಂಡುಗಳಿಂದ ಖಳನಾಯಕ ಬೇನ್‌ನ ಒಂದು ದೊಡ್ಡ ಫಿಗರ್ ಆಗುತ್ತೆ. ಬೇನ್ ಬೇಕಾದವರು ತುಂಡು ಇಟ್ಕೊಂಡು ಫಿಗರ್ ಮಾರ್ತಾರೆ, ಡಬ್ಬಿಯಿಂದ ತೆಗೆದ ಅಂಥ ಲೂಸ್ ಪೀಸ್ ಕಡಿಮೆಗೆ ಸಿಗುತ್ತೆ. ನಿಮಗೆ ಬೇಕಾಗಿರೋದು ಬ್ಯಾಟ್‌ಮ್ಯಾನ್ ಒಂದೇ ಅಲ್ವಾ. ಕೊಳ್ಳೋ ಮುಂಚೆ ‘ತುಂಡು ಇಲ್ಲದ್ದಾ?’ ಅಂತ ಕೇಳಿ, ದರ ಮಾತಾಡಿ. ಹೊಸ ಆಮದಿನ ಬೆಲೆ ಯಾಕೆ ಅಷ್ಟು ಅಂತ ಕೇಳೋರಿಗೆ: ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು.

ದವಡೆ_ನೋಡಿ:
ಎರಡನೇ ಪ್ರಶ್ನೆಯೇ ಮುಖ್ಯವಾದದ್ದು. ಬ್ಯಾಟ್‌ಮ್ಯಾನ್ ಫಿಗರ್‌ನಲ್ಲಿ ನಟ ಕಾಣೋದು ಮೂಗಿನ ತುದಿಯಿಂದ ಗಲ್ಲದವರೆಗೆ, ಮತ್ತೆ ಎರಡು ಕಣ್ಣು. 7 ಇಂಚಿನ ಫಿಗರ್‌ನಲ್ಲಿ ಅದು ಕಿರುಬೆರಳಿನ ಉಗುರಿನಷ್ಟು ಜಾಗ. ಫೋಟೊ ತರಿಸಿಕೊಳ್ಳುವಾಗ ನೇರ ಮುಖದ್ದೊಂದು, ಅರ್ಧ ತಿರುಗಿದ್ದೊಂದು ಕೇಳಿ. ನೇರ ಫೋಟೊದಲ್ಲಿ ತುಟಿ ಕಾಣುತ್ತೆ, ದವಡೆಯ ಗೆರೆ ಗೊತ್ತಾಗೋದು ಪಕ್ಕದಿಂದಲೇ.

ಕೀಟನ್: ದವಡೆ ಅಗಲವಿಲ್ಲ, ತುಟಿ ಬಿಗಿ. ಅಭಿನಯವೆಲ್ಲ ಕಣ್ಣಲ್ಲಿ. ಕಣ್ಣಿನ ಸುತ್ತ ಕಪ್ಪು ಬಣ್ಣ ಕೌಲ್‌ನ ಅಂಚಿನವರೆಗೂ ತುಂಬಿರಬೇಕು, ನಡುವೆ ಚರ್ಮದ ಬಣ್ಣದ ಎಳೆ ಕಂಡ್ರೆ ಮುಖಕ್ಕೆ ಬೆಚ್ಚಿದ ಕಳೆ ಬರುತ್ತೆ. 1989ರದ್ದೋ 1992ರದ್ದೋ ಅಂತ ಎದೆ ನೋಡಿ ಹೇಳಬಹುದು: ಮೊದಲನೆಯದರಲ್ಲಿ ಮನುಷ್ಯನ ಸ್ನಾಯುಗಳ ಆಕಾರ, ಎರಡನೆಯದರಲ್ಲಿ ತಟ್ಟೆ ತಟ್ಟೆ ಕವಚ. 1989ರ ಸೂಟಿನ ಹಳದಿ ಅಂಡಾಕಾರದೊಳಗಿನ ಬಾವಲಿಗೆ ಬಾಲದ ಕಡೆ ಎರಡು ಮೊನೆ ಹೆಚ್ಚು, ಪೋಸ್ಟರ್‌ನ ಲಾಂಛನದಲ್ಲಿ ಅವಿಲ್ಲ. ಡಬ್ಬಿ ಮೇಲೆ 1989 ಅಂತಿದ್ದು ಎದೆಯಲ್ಲಿ ಪೋಸ್ಟರ್ ಬಾವಲಿ ಇದ್ರೆ ಅದು ಸಿನಿಮಾದ ಸೂಟ್ ಅಲ್ಲ.

ಎಲ್ಲಕ್ಕಿಂತ ಮುಖ್ಯ, ಕೀಟನ್‌ನ ಕತ್ತು ತಿರುಗಿಸಬೇಡಿ. ಆ ಸೂಟಲ್ಲಿ ಕೌಲ್, ಕತ್ತು, ಭುಜ ಎಲ್ಲ ಸೇರಿದ ರಬ್ಬರ್. ಪಕ್ಕಕ್ಕೆ ನೋಡಬೇಕಾದ್ರೆ ಕೀಟನ್ ಸೊಂಟದಿಂದಲೇ ತಿರುಗ್ತಿದ್ದರು, ಆ ಪಾತ್ರದ ಬಿಗುವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಫಿಗರ್‌ನ ಕತ್ತಲ್ಲಿ ಜಾಯಿಂಟ್ ಇದೆ ಅಂತ ತಿರುಗಿಸಿದ್ರೆ ಕೀಟನ್ ಕಳೆದೇ ಹೋಗ್ತಾರೆ. ಸೊಂಟ 20–30 ಡಿಗ್ರಿ ತಿರುಗಿಸಿ, ಎದೆ ಮತ್ತು ಮುಖ ಒಂದೇ ದಿಕ್ಕಿಗಿರಲಿ.

ಕತ್ತು ತಿರುಗಿಸೋ ಹಕ್ಕಿರೋದು 2008ರ ಬೇಲ್‌ಗೆ. ಆ ಚಿತ್ರದಲ್ಲಿ ಬ್ರೂಸ್ ವೇಯ್ನ್ (ಬ್ಯಾಟ್‌ಮ್ಯಾನ್‌ನ ನಿಜ ಹೆಸರು) ಹೊಸ ಸೂಟ್ ಕೇಳೋ ಕಾರಣಗಳಲ್ಲಿ ಅದೂ ಒಂದು. ಕೌಲ್ ಬೇರೆ, ಕತ್ತು ಬೇರೆ, ಮೈಮೇಲೆ ಬಲೆಯಂಥ ಬಟ್ಟೆಗೆ ಕೂರಿಸಿದ ಸಣ್ಣ ಸಣ್ಣ ಕವಚಗಳು. 2005ರ ಸೂಟ್ ಇನ್ನೂ ಹಳೇ ಥರದ ದಪ್ಪ ಕತ್ತಿನದೇ. ಹಾಗಾಗಿ ಬೇಲ್‌ಗೆ 2008 ಅಥವಾ 2012ರದ್ದನ್ನ ಆರಿಸಿ, ಮುಖ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಪಕ್ಕದ ಕೀಟನ್‌ಗೂ ಇವರಿಗೂ ಇರೋ ವ್ಯತ್ಯಾಸ ಯಾರೂ ವಿವರಿಸದೆ ಕಾಣುತ್ತೆ. ಬಾಯಿ ಕೊಂಚ ತೆರೆದಿರೋ ಮುಖ ಸಿಕ್ಕಿದ್ರೆ ಇನ್ನೂ ಒಳ್ಳೇದು, ಆ ಗೊಗ್ಗರು ದನಿಯ ಬ್ಯಾಟ್‌ಮ್ಯಾನ್‌ಗೆ ಮುಚ್ಚಿದ ತುಟಿ ಒಪ್ಪಲ್ಲ.

ಆಫ್ಲೆಕ್ ಅಂದ್ರೆ ಅಗಲ ಗಲ್ಲ, ಗಿಡ್ಡ ಕಿವಿ, ಬೂದು ಬಟ್ಟೆಯಂಥ ಸೂಟ್. ಆರರಲ್ಲಿ ಅತ್ಯಂತ ಎತ್ತರ, ಭುಜದಲ್ಲೂ ದೊಡ್ಡವರು, ಸಾಲಿನ ತುದಿಗಿಡಿ. ಪ್ಯಾಟಿನ್ಸನ್ ಮುಖ ಸಪೂರ. ಕೌಲ್ ತೊಗಲು ಹೊಲಿದ ಹಾಗಿರಬೇಕು, ಮೂಗಿನ ಮೇಲಿನ ಹೊಲಿಗೆ ಗೆರೆ ಬಣ್ಣದಲ್ಲಿ ಮುಚ್ಚಿಹೋಗಿರಬಾರದು. ಗಲ್ಲ ಒಂದಿಷ್ಟು ಕೆಳಗಿಳಿಸಿ, ಹುಬ್ಬಿನಡಿಯಿಂದ ನೋಡುವ ಹಾಗೆ ನಿಲ್ಲಿಸಿ. ಕಿಲ್ಮರ್‌ಗೆ ತುಂಬು ತುಟಿಯೇ ಗುರುತು. ಕ್ಲೂನಿ ಸೂಟ್ ನೀಲಿ ಕಡೆಗೆ ವಾಲಿದ ಬಣ್ಣ, ಎದೆಯಲ್ಲಿ ಹಳದಿ ಇಲ್ಲ.

ಇವತ್ತಿನ 7 ಇಂಚಿನವುಗಳಲ್ಲಿ ಕಣ್ಣು ಹೆಚ್ಚಾಗಿ ಯಂತ್ರದ ಮುದ್ರಣ. ಅದು ಅರ್ಧ ಮಿಲಿಮೀಟರ್ ಜಾರಿದ್ರೂ ಮೆಳ್ಳೆಗಣ್ಣಾಗುತ್ತೆ. ಅಂಗಡಿಗೇ ಹೋಗೋದಾದ್ರೆ ಒಂದೇ ಫಿಗರ್‌ನ ಮೂರ್ನಾಲ್ಕು ಡಬ್ಬಿ ಪಕ್ಕಪಕ್ಕ ಇಟ್ಟು ನೋಡಿ ಆರಿಸಿ.

ತೇವಮಾಪಕ:
ಮಳೆಗಾಲದ ಪ್ರಶ್ನೆಗೆ. 7 ಇಂಚಿನದು ಪೂರ್ತಿ ಪ್ಲಾಸ್ಟಿಕ್, ಅದಕ್ಕೆ ಅಪಾಯ ಕಡಿಮೆ. ನಿಜವಾಗಿ ಸಾಯೋದು 1/6ರ ಕೃತಕ ತೊಗಲಿನ ಸೂಟ್‌ಗಳು. ಅವುಗಳ ಮೇಲ್ಪದರ ಸಾಮಾನ್ಯವಾಗಿ ಪಾಲಿಯುರಿಥೇನ್. ಗಾಳಿಯ ತೇವ ಅದರ ಅಣುಗಳ ಕೊಂಡಿಗಳನ್ನ ನಿಧಾನಕ್ಕೆ ಒಡೆಯುತ್ತೆ: ಮೊದಲು ಅಂಟಂಟು, ಆಮೇಲೆ ಬಿರುಕು, ಕೊನೆಗೆ ಹಪ್ಪಳದ ಹಾಗೆ ಸುಲಿಯೋದು. ಡಬ್ಬಿಯಲ್ಲಿ ಸೀಲ್ ಆಗಿದ್ರೂ ಇದು ನಿಲ್ಲಲ್ಲ. ಹತ್ತು ವರ್ಷ ಹಳೇ ಸೀಲ್ಡ್ ಪೀಸ್ ಕೊಳ್ಳೋರು ‘ತೆರೆದೇ ಇಲ್ಲ’ ಅನ್ನೋ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಮೊಣಕೈ, ಮೊಣಕಾಲಿನ ಮಡಿಕೆಯ ಫೋಟೊ ಕೇಳಿ, ಬಿರುಕು ಮೊದಲು ಬಿಡೋದು ಅಲ್ಲಿಯೇ.

ನಿಮ್ಮ ಶೆಲ್ಫಿಗೆ: ಒಳಗೊಂದು ಚಿಕ್ಕ ತೇವ ತೋರಿಸೋ ಮೀಟರ್ ಇಡಿ. ಶೇ 45–55 ಗುರಿ. ಬಾಗಿಲಿನ ಸಂದಿಗೆ ಫೋಮ್ ಪಟ್ಟಿ ಅಂಟಿಸಿ, ಇಲ್ಲದಿದ್ರೆ ಎಷ್ಟು ಸಿಲಿಕಾ ಜೆಲ್ ಇಟ್ಟರೂ ಅದು ಊರಿನ ತೇವವನ್ನೇ ಹೀರ್ತಾ ಕೂರುತ್ತೆ. ಬಣ್ಣ ಬದಲಾಗೋ ಕಿತ್ತಳೆ ಜೆಲ್ 200 ಗ್ರಾಂನಿಂದ ಶುರುಮಾಡಿ, ಮೀಟರ್ ನೋಡಿ ಹೆಚ್ಚಿಸಿ. ಬಣ್ಣ ತಿರುಗಿದ ಮೇಲೆ ತಟ್ಟೆಗೆ ತೆಳ್ಳಗೆ ಹರಡಿ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೋಡ್ತಿರಿ.

ಮಾಡಲೇಬಾರದ್ದು: ಶೆಲ್ಫಲ್ಲಿ ನುಸಿಗುಳಿಗೆ ಇಡಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನ ಮೆದು ಮಾಡುತ್ತೆ. ಹೊಳಪಿಗೆ ತೆಂಗಿನೆಣ್ಣೆ ಬೇಡ, ಸ್ಯಾನಿಟೈಸರ್ ಒರೆಸೋದೂ ಬೇಡ. ಒಣ ಮೈಕ್ರೋಫೈಬರ್ ಬಟ್ಟೆ, ಸಂದಿಗೆ ಮೆತ್ತನೆಯ ಮೇಕಪ್ ಬ್ರಷ್ ಸಾಕು. ದೀಪದ ಕಣ್ಣು, ದೀಪದ ಬೇಸ್ ಇದ್ದರೆ ಗುಂಡಿ ಬ್ಯಾಟರಿ ಹೊರಗೆ ತೆಗೆದಿಡಿ, ಸೋರಿದ್ರೆ ತಂತಿ ತಿಂದುಹಾಕುತ್ತೆ.

ಕಡಲತಡಿ:
ಧನ್ಯವಾದ. ಹಾಗಾದ್ರೆ 7 ಇಂಚೇ. ಎರಡು ಸಂದೇಹ ಉಳೀತು: ಹೊಸ ಫಿಗರ್‌ನ ಮೊಣಕಾಲು ಜಾಮ್ ಆಗಿದ್ರೆ ಏನು ಮಾಡೋದು? ಪ್ಲಾಸ್ಟಿಕ್ ಕೇಪ್ (ಬೆನ್ನಿಗೆ ಇಳಿಬೀಳೋ ಮೇಲುಹೊದಿಕೆ) ಭಾರಕ್ಕೆ ಹಿಂದಕ್ಕೆ ಬೀಳುತ್ತೆ ಅಂತಾರಲ್ಲ, ಹೌದಾ?

ಏಳಿಂಚು:
ಜಾಮ್ ಆಗಿರೋದಕ್ಕೆ ಹೆಚ್ಚಾಗಿ ಕಾರಣ ಬಣ್ಣ ಒಣಗುವಾಗ ಜಾಯಿಂಟಿನೊಳಗೆ ಹಿಡಿದಿರೋದು. ಬಲ ಹಾಕಿದ್ರೆ ಒಳಗಿನ ಕಡ್ಡಿ ತಿರುಚಿ ಮುರಿಯುತ್ತೆ, ಅರ್ಧ ತುಂಡು ತೂತಲ್ಲೇ ಉಳಿಯುತ್ತೆ. ಮೊಣಕಾಲು ಮಾತ್ರ ಮುಳುಗೋ ಹಾಗೆ 60–70 ಡಿಗ್ರಿ ಬಿಸಿನೀರಲ್ಲಿ ಒಂದೆರಡು ನಿಮಿಷ ಹಿಡಿಯಿರಿ, ಕುದಿಯೋ ನೀರು ಬೇಡ. ಹೊರಗೆ ತೆಗೆದು ಜಾಯಿಂಟಿನ ಹತ್ತಿರವೇ ಎರಡೂ ಕಡೆ ಹಿಡಿದು ಚೂರು ಚೂರೇ ಹಿಂದೆ ಮುಂದೆ ಆಡಿಸಿ. ಬಿಟ್ಟುಕೊಂಡ ಮೇಲೆ ಒಂದು ಹನಿ ಸಿಲಿಕೋನ್ ಎಣ್ಣೆ. ಅಡುಗೆ ಎಣ್ಣೆ ಹಾಕಿದ್ರೆ ಧೂಳು ಹಿಡಿದು ಜಿಗುಟಾಗುತ್ತೆ.

ಬೀಳೋದು ಹೌದು. ಎರಡೂ ಪಾದ ಒಂದೇ ಗೆರೆಯಲ್ಲಿ ಇಡಬೇಡಿ, ಒಂದನ್ನ ಎರಡು ಸೆಂ.ಮೀ. ಹಿಂದಕ್ಕಿಟ್ಟು ಹೊರಕ್ಕೆ ತಿರುಗಿಸಿ. ಕೇಪ್‌ನ ತುದಿ ಶೆಲ್ಫ್ ಮುಟ್ಟೋ ಹಾಗಿದ್ರೆ ಅದೇ ಮೂರನೇ ಕಾಲಾಗುತ್ತೆ. ಡಬ್ಬಿಯಲ್ಲಿ ಬಂದ ಗುಂಡು ಬೇಸ್‌ನ ಗೂಟಕ್ಕೆ ಹಿಂದಿನ ಪಾದ ಸಿಕ್ಕಿಸಿ, ಮುಂದಿನದ್ದಲ್ಲ. ಆರು ಫಿಗರ್‌ಗೆ 90 ಸೆಂ.ಮೀ. ಅಂದ್ರೆ ತಲಾ 15. ಕೇಪ್ ಹರಡಿದ ಒಬ್ಬನ ಪಕ್ಕ ಕೇಪ್ ಮಡಿಸಿಕೊಂಡ ಒಬ್ಬನನ್ನ ನಿಲ್ಲಿಸಿ, ಆಗ ಅಷ್ಟರಲ್ಲೇ ಹಿಡಿಸುತ್ತೆ.